‘ಇಂಡಿಫರೆಂಟ್’ ಎಂದರೆ ಬರೀ ಉದಾಸೀನವೇ?

ಇಂಗ್ಲಿಷಿನ ‘ಇಂಡಿಫರೆಂಟ್’ ಎಂಬ ವಿಶೇಷಣಕ್ಕೆ ಅರ್ಥ ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಕೂಡಲೇ ಕೊಡುವ ಉತ್ತರ ‘ಉದಾಸೀನ’. ಉತ್ತರವೇನೋ ತಪ್ಪಲ್ಲ. ಆದರೆ ಅದೊಂದನ್ನೇ ನಂಬಿಕೊಂಡರೆ ಎಡವುವ ಸಂಭವ ಉಂಟು. ಹಾಗೆ ಎಡವಿದವರಲ್ಲಿ ಈ ಲೇಖಕನೂ ಒಬ್ಬ.

ಕೆಲವು ವರ್ಷಗಳ ಹಿಂದೆ, ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿದ್ದ ನಿವೃತ್ತ ಇಂಗ್ಲಿಷ್ ಮೇಷ್ಟ್ರೊಬ್ಬರನ್ನು ಮಾತುಕತೆಯ ಕಾರ್ಯಕ್ರಮವೊಂದಕ್ಕೆ ಕೇಳಿಕೊಂಡಿದ್ದೆ. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಗಳ ಹಳೆಯ ದಿನಗಳನ್ನು ಕಣ್ಣಾರೆ ಕಂಡವರು ಅವರು. ಉತ್ತರ ಇಂಗ್ಲಿಷಿನಲ್ಲಿ ಬಂತು. ಮಾತನಾಡಲು ಒಪ್ಪಿಗೆಯಿದೆ, ಆದರೆ ‘ಮೈ ಹೆಲ್ತ್ ಹ್ಯಾಸ್ ಬೀನ್ ಇಂಡಿಫರೆಂಟ್’ ಎಂದು ಬರೆದಿದ್ದರು. ಮೇಷ್ಟ್ರಿಗೆ ಆರೋಗ್ಯದ ಬಗ್ಗೆ ಅಸಡ್ಡೆ ಇರಬೇಕು ಎಂದುಕೊಂಡೆ. ‘ಆರೋಗ್ಯದ ಕಡೆ ಗಮನ ಕೊಡಿ ಸಾರ್’ ಎಂದು ಎರಡು ಸಾಲು ಬರೆದು, ಧ್ವನಿಮುದ್ರಣವನ್ನು ಎರಡು ತಿಂಗಳು ಮುಂದಕ್ಕೆ ಹಾಕಿದೆ.

ಅವರು ಹೇಳಿದ್ದು ಬೇರೆ. ಅದನ್ನು ತಿಳಿಯಲು ಪದದ ಹುಟ್ಟನ್ನು ನೋಡಬೇಕು.

ಇದು ಲ್ಯಾಟಿನ್ ಮೂಲದ ಪದ. ‘ಇನ್’ ಎಂದರೆ ಇಲ್ಲ, ಉಳಿದದ್ದು ‘ಭೇದ’. ಅಂದರೆ ಭೇದ ಮಾಡದಿರುವುದು. ಇಲ್ಲಿಂದ ಮೂರು ದಾರಿಗಳು ಒಡೆದವು.

ಮೊದಲನೆಯದು, ಪಕ್ಷಪಾತವಿಲ್ಲದ ಎಂಬ ಅರ್ಥ. ಹದಿನಾರನೆಯ ಶತಮಾನದ ಇಂಗ್ಲೆಂಡಿನಲ್ಲಿ ನ್ಯಾಯಾಧೀಶ ‘ಇಂಡಿಫರೆಂಟ್’ ಎಂದರೆ ಅದು ಹೊಗಳಿಕೆ. ಇಂದು ಈ ಬಳಕೆ ಹೆಚ್ಚುಕಡಿಮೆ ಮರೆಯಾಗಿದೆ.

ಎರಡನೆಯದು, ನಮಗೆ ಪರಿಚಿತವಾದ ‘ಕಾಳಜಿಯಿಲ್ಲದ’ ಎಂಬ ಅರ್ಥ. ಆದರೂ ಒಂದೇ, ಹೋದರೂ ಒಂದೇ ಎನ್ನುವ ಮನಸ್ಸು. ಈ ಅರ್ಥದಲ್ಲಿ ಪದದ ಹಿಂದೆ ಸಾಮಾನ್ಯವಾಗಿ ‘ಟು’ ಬರುತ್ತದೆ. ‘ಹಿ ಈಸ್ ಇಂಡಿಫರೆಂಟ್ ಟು ಹಿಸ್ ಹೆಲ್ತ್’ ಎಂದರೆ ಅವನಿಗೆ ತನ್ನ ಆರೋಗ್ಯದ ಕಾಳಜಿಯಿಲ್ಲ.

ಮೂರನೆಯದು, ಒಳ್ಳೆಯದೂ ಅಲ್ಲ, ತೀರ ಕೆಟ್ಟದ್ದೂ ಅಲ್ಲ ಎಂಬ ಅರ್ಥ. ಆಡುಮಾತಿನಲ್ಲಿ ‘ಅಷ್ಟಕ್ಕಷ್ಟೆ’. ಇಲ್ಲಿ ಪದವು ಮನುಷ್ಯನ ಮನಸ್ಸನ್ನು ಹೇಳುವುದಿಲ್ಲ, ವಸ್ತುವಿನ ಗುಣಮಟ್ಟವನ್ನು ಹೇಳುತ್ತದೆ. ‘ಇಂಡಿಫರೆಂಟ್ ಕಾಫಿ’ ಎಂದರೆ ಸುಮಾರಾದ ಕಾಫಿ. ಆರೋಗ್ಯ ‘ಇಂಡಿಫರೆಂಟ್’ ಎಂದರೆ ಅದು ಚೆನ್ನಾಗಿಲ್ಲ ಎಂಬುದನ್ನು ಸಂಕೋಚದಿಂದ ಹೇಳುವ ಬಗೆ. ಹಳೆಯ ಕಾಲದ ನಡತೆ ಪತ್ರಗಳಲ್ಲಿ ಈ ಮಾತು ಕಂಡರೆ ಅದನ್ನೂ ಹೀಗೆಯೇ ಓದಿಕೊಳ್ಳಬೇಕು.

ವಿಜ್ಞಾನ ಓದಿದವರಿಗೆ ಇನ್ನೊಂದು ನೆನಪೂ ಬರಬಹುದು. ಸಮತಟ್ಟಾದ ನೆಲದ ಮೇಲಿನ ಗೋಲಿಯನ್ನು ಸ್ವಲ್ಪ ಸರಿಸಿದರೆ ಅದು ಹಿಂದಕ್ಕೆ ಬಾರದು, ಮುಂದಕ್ಕೂ ಓಡದು, ಇಟ್ಟಲ್ಲೇ ಇರುತ್ತದೆ. ಇದನ್ನು ನಾವು ತಟಸ್ಥ ಸಮತೋಲನ ಎನ್ನುತ್ತೇವೆ. ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಇದಕ್ಕೆ ‘ಇಂಡಿಫರೆಂಟ್’ ಸಮತೋಲನ ಎಂಬ ಹೆಸರೂ ಇತ್ತು.

ಸ್ವಾರಸ್ಯವೆಂದರೆ ನಮ್ಮ ‘ಉದಾಸೀನ’ವೂ ಇದೇ ದಾರಿ ಸವೆಸಿದೆ. ಸಂಸ್ಕೃತದಲ್ಲಿ ಅದರ ಅರ್ಥ ದೂರ ಸರಿದು ಕುಳಿತವನು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಯಾರ ಪಕ್ಷವನ್ನೂ ಸೇರದ ಪ್ರಬಲ ರಾಜನೇ ಉದಾಸೀನ. ಭಗವದ್ಗೀತೆಯ ಹನ್ನೆರಡನೆಯ ಅಧ್ಯಾಯದಲ್ಲಿ ಅದು ಭಕ್ತನ ಸದ್ಗುಣಗಳಲ್ಲಿ ಒಂದು. ಇಂದು ‘ಉದಾಸೀನ ಮಾಡಬೇಡ’ ಎಂದರೆ ಅದು ಬೈಗುಳ. ‘ಅಸಡ್ಡೆ’ಯಾದರೋ ‘ಅಶ್ರದ್ಧೆ’ಯ ತದ್ಭವ, ಅದರಲ್ಲಿ ಮೊದಲಿನಿಂದಲೂ ಹೊಗಳಿಕೆಯಿಲ್ಲ.

ಇದರ ನೆರೆಹೊರೆಯ ಪದಗಳನ್ನೂ ಬೇರ್ಪಡಿಸಿಕೊಳ್ಳುವುದು ಒಳ್ಳೆಯದು. ‘ನಾನ್‌ಷಲಾಂಟ್’ ಫ್ರೆಂಚಿನಿಂದ ಬಂದದ್ದು. ಅದರ ಬೇರಿನಲ್ಲಿರುವುದು ‘ಬಿಸಿ’. ಯಾವುದರ ಬಿಸಿಯೂ ತಟ್ಟದವನಂತೆ ಆರಾಮವಾಗಿ ಓಡಾಡುವವನು ಎಂದಿಟ್ಟುಕೊಳ್ಳಿ. ‘ಡಿಸ್‌ಇಂಟರೆಸ್ಟೆಡ್’ ಎಂದರೆ, ಎಚ್ಚರದಿಂದ ಬರೆಯುವವರ ಬಳಕೆಯಲ್ಲಿ, ಸ್ವಾರ್ಥವಿಲ್ಲದ, ಆಸಕ್ತಿಯಿಲ್ಲದವನು ‘ಅನ್‌ಇಂಟರೆಸ್ಟೆಡ್’.

ನಮ್ಮ ವೃತ್ತಿಯಲ್ಲಿ ‘ಹಳ್ಳಿಯ ಜನ ಇಂಡಿಫರೆಂಟ್’ ಎಂಬ ಮಾತು ಸುಲಭವಾಗಿ ಬಂದುಬಿಡುತ್ತದೆ. ಇಲ್ಲಿ ಎರಡನೆಯ ಅರ್ಥ. ಅದನ್ನು ಆಡುವ ಮುನ್ನ ಅದೇ ಬೂದಿಕೋಟೆಯನ್ನು ನೆನೆಯಬೇಕು. ಸಮುದಾಯ ಬಾನುಲಿಗೆ ಕಾನೂನಿನ ಅನುಮತಿಯೇ ಇಲ್ಲದಿದ್ದ 2000ದ ದಶಕದ ಆರಂಭದಲ್ಲಿ, ಮೈರಾಡ ಮತ್ತು ವಾಯ್ಸಸ್ ಸಂಸ್ಥೆಗಳ ಜೊತೆಗೂಡಿ, ಯುನೆಸ್ಕೊ ನೆರವಿನಿಂದ ಅಲ್ಲಿಯ ಜನ ‘ನಮ್ಮ ಧ್ವನಿ’ಯನ್ನು ಕಟ್ಟಿದರು. ಆಕಾಶದ ಅಲೆ ಸಿಗದಿದ್ದಾಗ ಕೇಬಲ್ ತಂತಿಯಲ್ಲಿ ದನಿಯನ್ನು ಹರಿಸಿ ಮನೆಮನೆಗೆ ಮುಟ್ಟಿಸಿದರು. ಸರ್ಕಾರ ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ಬಾನುಲಿಯ ಬಾಗಿಲು ತೆರೆದದ್ದು 2006ರಲ್ಲಿ. ಇಂಥ ಊರಿನವರನ್ನು ಉದಾಸೀನರು ಎನ್ನಲಾದೀತೆ?

ಇನ್ನು ಮೇಷ್ಟ್ರ ವಿಷಯ. ಅವರ ಸಾಲಿನಲ್ಲಿ ‘ಟು’ ಇರಲಿಲ್ಲ. ‘ಇಂಡಿಫರೆಂಟ್’ ಆಗಿದ್ದುದು ಅವರಲ್ಲ, ಅವರ ಆರೋಗ್ಯ. ಬೇಗ ಬನ್ನಿ ಎಂಬುದೇ ಅದರ ಒಳಮಾತು. ನಾವು ಕ್ಯಾಮೆರಾ ಹೊತ್ತು ಹೋಗುವ ವೇಳೆಗೆ ಪಾರ್ಶ್ವವಾಯುವಿನಿಂದ ಅವರ ಮಾತು ನಿಂತಿತ್ತು. ಕೈಸನ್ನೆಯಿಂದ ಕೂರಿಸಿ, ಕಾಫಿ ಕೊಡಿಸಿ ಕಳುಹಿಸಿದರು. ಧ್ವನಿಮುದ್ರಣ ಆಗಲಿಲ್ಲ.

ಆದ್ದರಿಂದ ಓದುಗರಲ್ಲಿ ಒಂದು ಮನವಿ. ಮುಂದೆ ಈ ಪದ ಎದುರಾದಾಗ ಎರಡು ಪ್ರಶ್ನೆ ಕೇಳಿಕೊಳ್ಳಿ: ಹಿಂದೆ ‘ಟು’ ಇದೆಯೇ? ಮಾತು ಮನುಷ್ಯನ ಬಗೆಗೋ, ಅವನ ಸ್ಥಿತಿಯ ಬಗೆಗೋ? ಪತ್ರ ಹಿರಿಯರದ್ದಾಗಿದ್ದರೆ ನಿಘಂಟು ನೋಡುವುದಕ್ಕೂ ಸೋಮಾರಿತನ ಬೇಡ.