ಉತ್ತರ ಬರೆಯದ ಪಾಠ: ಏಷ್ಯದ ವ್ಯಾಪಾರಗಳು ಮತ್ತು ಪ್ರಕರಣಾಧ್ಯಯನ

ನೀರಿಗಿಳಿಯದೆ ಈಜು ಬಾರದೆಂಬುದು ಹಿರಿಯರ ಮಾತು. ವ್ಯಾಪಾರದ ಮಟ್ಟಿಗಂತೂ ಇದು ಬಹುಕಾಲ ವೇದವಾಕ್ಯವೇ ಆಗಿತ್ತು. ಹುಡುಗನು ಗಲ್ಲಾಪೆಟ್ಟಿಗೆಯ ಬಳಿ ಕುಳಿತು, ತಂದೆಯ ಅಥವಾ ಸೋದರಮಾವನ ಕಣ್ಸನ್ನೆಯನ್ನು ಅರಿತು, ಯಾರಿಗೆ ಸಾಲ ಕೊಡಬಹುದು, ಯಾರಿಗೆ ಕೊಡಬಾರದು ಎಂಬುದನ್ನು ಕಲಿಯುತ್ತಿದ್ದನು. ಹೀಗಿರುವಾಗ ಇಪ್ಪತ್ತೆರಡರ ಹರೆಯದ ತರುಣನೋ ತರುಣಿಯೋ ನಾಲ್ಕು ಗೋಡೆಗಳ ನಡುವೆ ಕುಳಿತು ಎರಡೇ ವರ್ಷಗಳಲ್ಲಿ ವ್ಯವಹಾರವನ್ನು ಕಲಿಯುವುದು ಹೇಗೆ? ಆಡಳಿತ ವಿದ್ಯೆಯ ಶಾಲೆಗಳು ಈ ಪ್ರಶ್ನೆಗೆ ಕಂಡುಕೊಂಡ ಮುಖ್ಯ ಉತ್ತರವೇ ‘ಕೇಸ್ ಸ್ಟಡಿ’, ಅಂದರೆ ಪ್ರಕರಣಾಧ್ಯಯನ. ಎಂ.ಬಿ.ಎ. ಓದುವ ಮಕ್ಕಳಿರುವ ಮನೆಗಳಲ್ಲಿ ಈ ಹೆಸರು ಈಗ ಪರಿಚಿತ. ಆದರೆ ಅದನ್ನು ಯಾರು ಬರೆಯುತ್ತಾರೆ, ಹೇಗೆ ಬರೆಯುತ್ತಾರೆ, ನಮ್ಮ ನಾಡಿನ ವ್ಯಾಪಾರಗಳಿಗೆ ಅದರಲ್ಲಿ ಎಷ್ಟು ಸ್ಥಾನವಿದೆ ಎಂಬ ವಿಚಾರ ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ಪದ್ಧತಿಯ ಹುಟ್ಟು

ಈ ಕಲಿಕೆಯ ಕ್ರಮ ಮೂಲತಃ ಕಾನೂನು ಶಾಲೆಯದು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಕ್ರಿಸ್ಟೋಫರ್ ಲ್ಯಾಂಗ್‌ಡೆಲ್ ಎಂಬವರು 1870ರ ಸುಮಾರಿಗೆ ನ್ಯಾಯಾಲಯಗಳ ತೀರ್ಪುಗಳನ್ನೇ ಪಠ್ಯವಾಗಿಸಿ, ವಿದ್ಯಾರ್ಥಿಗಳನ್ನು ವಾದಕ್ಕೆಳೆದು ಪಾಠ ಹೇಳಲಾರಂಭಿಸಿದರು. ಅದೇ ವಿಶ್ವವಿದ್ಯಾನಿಲಯದಲ್ಲಿ 1908ರಲ್ಲಿ ವ್ಯಾಪಾರ ಶಾಲೆಯೊಂದು ತೆರೆಯಿತು. 1919ರಲ್ಲಿ ಅದರ ಡೀನ್ ಆಗಿ ಬಂದ ವ್ಯಾಲೇಸ್ ಡೊನ್‌ಹಮ್ ಕಾನೂನು ಓದಿ ಬ್ಯಾಂಕಿನಲ್ಲಿ ದುಡಿದಿದ್ದವರು. ವಕೀಲನಾಗಬೇಕಾದವನು ತೀರ್ಪುಗಳಿಂದ ಕಲಿಯುವಂತೆ, ವ್ಯವಸ್ಥಾಪಕನಾಗಬೇಕಾದವನು ಕಂಪೆನಿಗಳ ನಿಜವಾದ ತೊಡಕುಗಳಿಂದ ಕಲಿಯಬೇಕೆಂದು ಅವರು ಬಗೆದರು. 1921ರಲ್ಲಿ ಆ ಶಾಲೆಯ ಮೊದಲ ಪ್ರಕರಣ ಸಿದ್ಧವಾಯಿತು. ಪಾದರಕ್ಷೆಯ ಕಾರ್ಖಾನೆಯೊಂದರಲ್ಲಿ ಕೆಲಸಗಾರರು ಹೊತ್ತಿಗೆ ಮುಂಚೆಯೇ ಕೆಲಸ ನಿಲ್ಲಿಸುತ್ತಿದ್ದಾರೆ, ಕಾರಣವೇನು, ಮಾಡಬೇಕಾದುದೇನು? ಅದರ ಸಾರ ಇಷ್ಟೇ. ಪುಟ್ಟ ಬರಹ, ಆದರೆ ಅದರಲ್ಲಿ ಉತ್ತರವಿರಲಿಲ್ಲ.

ಪ್ರಕರಣಾಧ್ಯಯನದ ಜೀವಾಳವಿರುವುದು ಇಲ್ಲಿಯೇ. ಸಂಸ್ಥೆಯ ಹಿನ್ನೆಲೆ, ಮಾರುಕಟ್ಟೆಯ ಸ್ಥಿತಿ, ಲೆಕ್ಕಪತ್ರದ ಕೋಷ್ಟಕಗಳು, ಸಂಬಂಧಪಟ್ಟವರ ಅಭಿಪ್ರಾಯಗಳು, ಎಲ್ಲವನ್ನೂ ಒದಗಿಸಿದ ಬಳಿಕ, ನಿರ್ಧಾರ ಕೈಗೊಳ್ಳಬೇಕಾದ ಗಳಿಗೆಗೆ ಬರಹ ನಿಂತುಬಿಡುತ್ತದೆ. ಮುಂದಿನದು ವಿದ್ಯಾರ್ಥಿಯ ಹೊಣೆ. ತರಗತಿಯಲ್ಲಿ ಒಬ್ಬನು ಹೂಡಿದ ವಾದವನ್ನು ಮತ್ತೊಬ್ಬಳು ಅಂಕಿಗಳನ್ನು ತೋರಿಸಿ ಮುರಿಯುತ್ತಾಳೆ. ಅಧ್ಯಾಪಕರು ತೀರ್ಪು ಕೊಡುವುದಿಲ್ಲ, ವಾದವನ್ನು ನಡೆಸಿಕೊಡುತ್ತಾರೆ.

ಏಷ್ಯಕ್ಕೆ ಬಂದ ಬಗೆ

1961ರಲ್ಲಿ ಅಹಮದಾಬಾದಿನಲ್ಲಿ ಹಾರ್ವರ್ಡ್ ಶಾಲೆಯ ಸಹಯೋಗದೊಡನೆ ಭಾರತೀಯ ಆಡಳಿತ ಸಂಸ್ಥೆ ಸ್ಥಾಪನೆಯಾದಾಗ ಈ ಪದ್ಧತಿ ನಮ್ಮ ದೇಶದಲ್ಲಿ ಬೇರೂರಿತು. ವಿಕ್ರಂ ಸಾರಾಭಾಯಿ ಅದರ ಸ್ಥಾಪಕರಲ್ಲಿ ಪ್ರಮುಖರು. 1965ರಲ್ಲಿ ರವಿ ಮಥಾಯಿ ಅದರ ಪ್ರಥಮ ಪೂರ್ಣಾವಧಿ ನಿರ್ದೇಶಕರಾದರು. ಫಿಲಿಪೈನ್ಸ್‌ನ ಮನಿಲಾದಲ್ಲಿ 1968ರಲ್ಲಿ ಆರಂಭವಾದ ಏಷ್ಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ ಕೂಡ ಇದೇ ದಾರಿ ಹಿಡಿಯಿತು.

ಆದರೆ ತೊಡಕು ಬೇಗನೆ ಕಾಣಿಸಿತು. ಅಮೆರಿಕದ ಕಂಪೆನಿಯಲ್ಲಿ ಒಡೆತನ ಷೇರುದಾರರದು, ಆಡಳಿತ ಸಂಬಳದ ಅಧಿಕಾರಿಗಳದು. ನಮ್ಮಲ್ಲಿ ಒಡೆಯ, ಆಡಳಿತಗಾರ, ಮನೆಯ ಯಜಮಾನ ಮೂವರೂ ಒಬ್ಬನೇ ಆಗಿರುವುದು ಸಾಮಾನ್ಯ. ಅಲ್ಲಿ ಒಪ್ಪಂದ ಕಾಗದದಲ್ಲಿದ್ದರೆ, ಇಲ್ಲಿ ಎಷ್ಟೋ ವೇಳೆ ಬಾಯಿಮಾತಿನಲ್ಲಿರುತ್ತದೆ. ಸಿಂಗಾಪುರದ ಚೀನೀ ಕುಟುಂಬವಿರಲಿ, ಕೊಯಮತ್ತೂರಿನ ಗಿರಣಿಯಿರಲಿ, ಅಣ್ಣತಮ್ಮಂದಿರ ಪಾಲಿನ ಪ್ರಶ್ನೆ ಕಂಪೆನಿಯ ಭವಿಷ್ಯವನ್ನೇ ನಿರ್ಧರಿಸಬಲ್ಲುದು. ಭಾರತದಲ್ಲಂತೂ 1991ರವರೆಗೆ ಅನೇಕ ಉದ್ಯಮಗಳಲ್ಲಿ ಎಷ್ಟು ಉತ್ಪಾದಿಸಬೇಕೆಂಬುದಕ್ಕೂ ಸರಕಾರದ ಪರವಾನಗಿ ಬೇಕಿತ್ತು. ಹೊರಗಿನ ಪ್ರಕರಣಗಳು ಇವೊಂದಕ್ಕೂ ಕನ್ನಡಿಯಾಗಲಾರವು. ಆದುದರಿಂದ ಅಹಮದಾಬಾದಿನ ಅಧ್ಯಾಪಕರು ಭಾರತೀಯ ಪ್ರಕರಣಗಳನ್ನು ತಾವೇ ಬರೆಯತೊಡಗಿದರು.

ಕಾಲಕ್ರಮದಲ್ಲಿ ಈ ಕಾರ್ಯ ವಿಸ್ತರಿಸಿತು. ಹಾಂಗ್‌ಕಾಂಗ್ ವಿಶ್ವವಿದ್ಯಾನಿಲಯದಲ್ಲಿ ಏಷ್ಯದ ಪ್ರಕರಣಗಳಿಗೆಂದೇ ಒಂದು ಕೇಂದ್ರ ಕೆಲಸ ಮಾಡಿತು. ಸಿಂಗಾಪುರದಿಂದ ‘ಏಷ್ಯನ್ ಕೇಸ್ ರಿಸರ್ಚ್ ಜರ್ನಲ್’ ಎಂಬ ನಿಯತಕಾಲಿಕ 1997ರಿಂದ ಹೊರಬರತೊಡಗಿತು. ಹಾರ್ವರ್ಡ್ ಶಾಲೆಯೂ 1999ರಲ್ಲಿ ಹಾಂಗ್‌ಕಾಂಗಿನಲ್ಲಿ, 2006ರಲ್ಲಿ ಮುಂಬಯಿಯಲ್ಲಿ ತನ್ನ ಸಂಶೋಧನ ಕೇಂದ್ರಗಳನ್ನು ತೆರೆಯಿತು.

ಬರೆಯುವ ಕೆಲಸ

ಬ್ಯಾಂಕಿನಲ್ಲಿ ಸಾಲದ ಅರ್ಜಿಯ ಮೇಲೆ ಟಿಪ್ಪಣಿ ಬರೆಯುವ ಅಧಿಕಾರಿಯ ಕೆಲಸಕ್ಕೂ ಪ್ರಕರಣ ಬರೆಯುವವರ ಕೆಲಸಕ್ಕೂ ಹೋಲಿಕೆಯುಂಟು. ಇಬ್ಬರೂ ಬ್ಯಾಲೆನ್ಸ್ ಶೀಟು ನೋಡುತ್ತಾರೆ. ಇಬ್ಬರೂ ಗೋದಾಮಿಗೆ ಹೋಗಿ ದಾಸ್ತಾನು ನಿಜವಾಗಿ ಇದೆಯೇ ಎಂದು ಪರೀಕ್ಷಿಸುತ್ತಾರೆ. ಆದರೆ ಅಧಿಕಾರಿಯ ಟಿಪ್ಪಣಿ ‘ಮಂಜೂರು ಮಾಡಬಹುದು’ ಅಥವಾ ‘ಮಾಡಲಾಗದು’ ಎಂದು ಮುಗಿಯಲೇಬೇಕು. ಪ್ರಕರಣಕಾರ ಹಾಗೆ ಮುಗಿಸುವಂತಿಲ್ಲ. ತನ್ನ ಒಲವು ಎತ್ತ ಇದೆಯೆಂಬ ಸುಳಿವನ್ನೂ ಆತ ಕೊಡಬಾರದು.

ಮೊದಲು ಸಂಸ್ಥೆಯ ಬಾಗಿಲು ತೆರೆಯಬೇಕು. ಬಳಿಕ ಸಂದರ್ಶನಗಳು; ಮಾಲಿಕರನ್ನು ಮಾತ್ರವಲ್ಲ, ಮೇಸ್ತ್ರಿ, ಗುಮಾಸ್ತ, ಗಿರಾಕಿಗಳನ್ನೂ ಕೇಳಬೇಕು. ಅಂಕಿಗಳನ್ನು ತಾಳೆ ನೋಡಬೇಕು. ಕರಡು ಸಿದ್ಧವಾದ ಮೇಲೆ ಅದನ್ನು ಸಂಸ್ಥೆಗೆ ತೋರಿಸಿ ಪ್ರಕಟಣೆಗೆ ಲಿಖಿತ ಒಪ್ಪಿಗೆ ಪಡೆಯುವುದು ವಾಡಿಕೆ. ಸಂಸ್ಥೆ ಹಿಂಜರಿದರೆ ಹೆಸರು, ಊರು, ಅಂಕಿಗಳನ್ನು ಮರೆಮಾಡಿ ಬರೆಯುವುದೂ ಉಂಟು. ತರಗತಿಯಲ್ಲಿ ಒಮ್ಮೆ ನಡೆಸಿ, ವಾದವು ಎಲ್ಲಿ ಸೊರಗಿತೆಂದು ಕಂಡು, ತಿದ್ದಬೇಕು. ಜೊತೆಗೆ ‘ಬೋಧನಾ ಟಿಪ್ಪಣಿ’ ಎಂಬ ಇನ್ನೊಂದು ಬರಹ ಸಿದ್ಧವಾಗಬೇಕು. ಅದು ಅಧ್ಯಾಪಕರಿಗೆ ಮಾತ್ರ, ವಿದ್ಯಾರ್ಥಿಗಳಿಗಲ್ಲ. ಇಷ್ಟಾದ ಮೇಲೆ ಪ್ರಕಟಣೆ. ಇಂಗ್ಲೆಂಡಿನ ಕ್ರ್ಯಾನ್‌ಫೀಲ್ಡ್‌ನಲ್ಲಿ 1973ರಲ್ಲಿ ಹುಟ್ಟಿ, ಈಗ ‘ದಿ ಕೇಸ್ ಸೆಂಟರ್’ ಎನಿಸಿಕೊಂಡಿರುವ ಸಂಸ್ಥೆಯಂಥವು ಜಗತ್ತಿನ ನಾನಾ ಶಾಲೆಗಳ ಪ್ರಕರಣಗಳನ್ನು ಸಂಗ್ರಹಿಸಿ, ವಿದ್ಯಾರ್ಥಿಗೆ ಒಂದು ಪ್ರತಿಯಂತೆ ಲೆಕ್ಕ ಹಿಡಿದು ಮಾರುತ್ತವೆ.

ಆಸ್ಪತ್ರೆಯೂ ಒಂದು ಪಾಠ

ಏಷ್ಯದ ಪ್ರಕರಣಗಳಲ್ಲಿ ಹೆಸರಾಂತವಾದವು ಕಾರ್ಖಾನೆಗಳವು ಮಾತ್ರವಲ್ಲ, ಆಸ್ಪತ್ರೆಗಳವೂ ಹೌದು. ಸರಕಾರಿ ಸೇವೆಯಿಂದ ನಿವೃತ್ತರಾದ ಡಾ. ಜಿ. ವೆಂಕಟಸ್ವಾಮಿಯವರು 1976ರಲ್ಲಿ ಮಧುರೆಯಲ್ಲಿ 11 ಹಾಸಿಗೆಗಳ ಅರವಿಂದ ಕಣ್ಣಿನ ಆಸ್ಪತ್ರೆಯನ್ನು ಆರಂಭಿಸಿದರು. ಸಂಧಿವಾತದಿಂದ ಬೆರಳುಗಳು ಸೊಟ್ಟಗಾಗಿದ್ದರೂ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ವೈದ್ಯರವರು. ಅಲ್ಲಿ ಒಬ್ಬ ರೋಗಿಯ ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ಪಕ್ಕದ ಮೇಜಿನ ಮೇಲೆ ಮತ್ತೊಬ್ಬ ರೋಗಿ ಸಿದ್ಧನಾಗಿರುತ್ತಾನೆ. ವೈದ್ಯರ ಒಂದು ನಿಮಿಷವೂ ವ್ಯರ್ಥವಾಗದು. ಹಣ ಕೊಡಬಲ್ಲವರಿಂದ ಬಂದುದರಲ್ಲಿ ಬಡವರ ಚಿಕಿತ್ಸೆ ನಡೆಯುತ್ತದೆ. 1992ರಲ್ಲಿ ಕಣ್ಣಿನೊಳಗಿಡುವ ಮಸೂರವನ್ನು ತಾವೇ ಅಗ್ಗವಾಗಿ ತಯಾರಿಸಲು ಆರೋಲ್ಯಾಬ್ ಘಟಕವನ್ನೂ ತೆರೆದರು. ಹಾರ್ವರ್ಡಿನ ಪ್ರಾಧ್ಯಾಪಕ ವಿ. ಕಸ್ತೂರಿ ರಂಗನ್ 1993ರಲ್ಲಿ ಈ ಆಸ್ಪತ್ರೆಯ ಪ್ರಕರಣವನ್ನು ಬರೆದರು. ಅದನ್ನು ಓದುವ ವಿದ್ಯಾರ್ಥಿಯ ಮುಂದೆ ನಿಲ್ಲುವ ಪ್ರಶ್ನೆ ಡಾಕ್ಟರರ ಔದಾರ್ಯವನ್ನು ಕುರಿತದ್ದಲ್ಲ. ಒಬ್ಬ ಮಹನೀಯನ ಸುತ್ತ ಬೆಳೆದ ವ್ಯವಸ್ಥೆಯನ್ನು ಆತನಿಲ್ಲದ ಊರುಗಳಿಗೆ ಒಯ್ಯುವುದು ಸಾಧ್ಯವೇ, ಎಂಬುದು.

ಕರಾವಳಿಯ ಕಿನ್ನಿಗೋಳಿಯವರಾದ ಡಾ. ದೇವಿ ಶೆಟ್ಟಿಯವರು ಬೆಂಗಳೂರಿನ ಬೊಮ್ಮಸಂದ್ರದಲ್ಲಿ ಕಟ್ಟಿದ ನಾರಾಯಣ ಹೃದಯಾಲಯ ಕುರಿತ ಪ್ರಕರಣ 2005ರಲ್ಲಿ ಹಾರ್ವರ್ಡಿನಿಂದ ಪ್ರಕಟವಾಯಿತು. ಶಸ್ತ್ರಚಿಕಿತ್ಸೆಗಳ ಸಂಖ್ಯೆ ಹೆಚ್ಚಿದಂತೆ ಒಂದೊಂದರ ಖರ್ಚು ತಗ್ಗುತ್ತದೆ ಎಂಬ ಸರಳ ಲೆಕ್ಕವೇ ಅಲ್ಲಿನ ತಳಹದಿ. 2003ರಲ್ಲಿ ಕರ್ನಾಟಕದ ಸಹಕಾರಿ ರೈತರಿಗಾಗಿ ತಿಂಗಳಿಗೆ 5 ರೂಪಾಯಿ ಕಂತಿನಲ್ಲಿ ಆರಂಭವಾದ ಯಶಸ್ವಿನಿ ವಿಮೆಯ ಹಿಂದೆಯೂ ಇದೇ ವಿಚಾರವಿತ್ತು. ಕಂತು ಇಷ್ಟು ಕಡಿಮೆಯಿದ್ದರೆ ನಿಧಿ ಬತ್ತದೆ? ಕಂತು ಏರಿಸಿದರೆ ಬಡ ರೈತ ಹೊರಗುಳಿಯನೆ? ಒಳ್ಳೆಯ ಪ್ರಕರಣವೊಂದು ಹೀಗೆ ಎರಡೂ ಕಡೆಯ ನ್ಯಾಯವನ್ನು ಎದುರಿಗಿಡುತ್ತದೆ. ಮುಂಬಯಿವಾಸಿಗಳು ದಿನನಿತ್ಯ ಲೋಕಲ್ ರೈಲಿನಲ್ಲಿ ಕಾಣುವ ಡಬ್ಬಾವಾಲರೂ 2010ರಲ್ಲಿ ಹಾರ್ವರ್ಡಿನ ಪ್ರಕರಣವಾದರು.

ಹೊಗಳಿಕೆಯ ಅಪಾಯ

ಹಾಗಾದರೆ ಏಷ್ಯದ ಪ್ರಕರಣಗಳು ಇನ್ನೂ ಸಾಲದೆನ್ನುವುದೇಕೆ? ಮುಖ್ಯ ಕಾರಣ, ಬಾಗಿಲು ತೆರೆಯದಿರುವುದು. ಕುಟುಂಬದ ವ್ಯಾಪಾರಸ್ಥನಿಗೆ ಲೆಕ್ಕದ ಪುಸ್ತಕವೆಂದರೆ ಮನೆಯ ಒಳಕೋಣೆಯಿದ್ದಂತೆ. ತೆರಿಗೆಯವರು ಓದಿಯಾರು, ಎದುರಂಗಡಿಯವನು ಓದಿಯಾನು, ನೆಂಟರು ಓದಿಯಾರು ಎಂಬ ಅಂಜಿಕೆ. ಒಪ್ಪಿಗೆ ದೊರೆಯುವುದು ಗೆದ್ದವರಿಂದ, ಸೋತವರು ಮಾತಾಡುವುದಿಲ್ಲ. ಹೀಗಾಗಿ ಪ್ರಕರಣವೆಂಬುದು ಅರಿವಿಲ್ಲದೆ ಅಭಿನಂದನ ಗ್ರಂಥವಾಗಿಬಿಡುವ ಭಯವುಂಟು.

ಹೊಗಳಿಕೆಗೂ ಪರೀಕ್ಷೆಗೂ ಇರುವ ಅಂತರವನ್ನು ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಸಂಸ್ಥೆ ತೋರಿಸಿಕೊಟ್ಟಿತು. 2008ರಲ್ಲಿ ಉತ್ತಮ ಆಡಳಿತಕ್ಕಾಗಿ ಗೋಲ್ಡನ್ ಪೀಕಾಕ್ ಪ್ರಶಸ್ತಿ ಪಡೆದ ಆ ಸಂಸ್ಥೆಯ ಅಧ್ಯಕ್ಷರೇ 2009ರ ಜನವರಿ 7ರಂದು, ಲೆಕ್ಕಪತ್ರಗಳಲ್ಲಿ ವರ್ಷಗಟ್ಟಲೆ ಸುಳ್ಳು ಅಂಕಿಗಳಿದ್ದುದನ್ನು ಪತ್ರ ಬರೆದು ಒಪ್ಪಿಕೊಂಡರು. ಪ್ರಶಸ್ತಿ ಪತ್ರದಿಂದ ಯಾರೂ ಏನನ್ನೂ ಕಲಿಯಲಿಲ್ಲ. ಆ ಹಗರಣವಾದರೋ ಈಗ ಅನೇಕ ಶಾಲೆಗಳಲ್ಲಿ ಪಾಠವಾಗಿದೆ: ಬ್ಯಾಂಕಿನ ಠೇವಣಿಯನ್ನು ಲೆಕ್ಕಪರಿಶೋಧಕರು ಹೇಗೆ ಖಚಿತಪಡಿಸಿಕೊಳ್ಳಬೇಕಿತ್ತು, ನಿರ್ದೇಶಕ ಮಂಡಳಿ ಯಾವ ಪ್ರಶ್ನೆ ಕೇಳಬೇಕಿತ್ತು, ಎಂದು.

ಬರೆಯದೆ ಉಳಿದವು

ಈ ದೃಷ್ಟಿಯಿಂದ ಹೊರನಾಡ ಕನ್ನಡಿಗರ ಕೈಯಲ್ಲಿರುವ ಸಂಪತ್ತು ಸಾಮಾನ್ಯವಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಕಿರುಮೊತ್ತವನ್ನೂ ಸಂಗ್ರಹಿಸಿತು. ಸಂಗ್ರಹಿಸುವ ಖರ್ಚೇ ಠೇವಣಿಯ ಲಾಭವನ್ನು ನುಂಗದೆ? ಹಣ ತರುವ ಏಜೆಂಟನನ್ನು ನಂಬುವುದು ಹೇಗೆ? ಇಂದಿನ ಯಾವ ತರಗತಿಯಲ್ಲಾದರೂ ಒಂದು ಗಂಟೆಯ ವಾದಕ್ಕೆ ಇಷ್ಟು ಸಾಕು. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅಂದಿನ ಅನುಭವವನ್ನು ಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ಮಾಟುಂಗಾದಲ್ಲಿ 1942ರಲ್ಲಿ ರಾಮ ನಾಯಕರು ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ತೆರೆದರು. ಅವರ ಹಾಗೆ ಊರು ಬಿಟ್ಟು ಬಂದು ಮುಂಬಯಿ, ಪುಣೆ, ಚೆನ್ನೈಗಳಲ್ಲಿ ಹೋಟೆಲು ಕಟ್ಟಿದವರು ಎಷ್ಟೋ ಮಂದಿ. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ, ಮುಂದೆ ತಾವೇ ಮಾಲಿಕರಾದವರೂ ಉಂಟು. ಅವರ ಕುರಿತು ಸನ್ಮಾನಪತ್ರಗಳಿವೆ, ಸ್ಮರಣ ಸಂಚಿಕೆಗಳಲ್ಲಿ ಭಾವಚಿತ್ರಗಳಿವೆ. ಆದರೆ ಅಕ್ಕಿಯ ಬೆಲೆ ಏರಿದಾಗ ಊಟದ ದರ ಏರಿಸಿದರೋ, ಬಡಿಸುವ ಅಳತೆ ತಗ್ಗಿಸಿದರೋ? ಊರಿನಿಂದ ಹುಡುಗರು ಬರುವುದು ನಿಂತಾಗ ಏನು ಮಾಡಿದರು? ಮಗ ಎಂಜಿನಿಯರನಾಗಿ ಪರದೇಶಕ್ಕೆ ಹೋದಾಗ ಗಲ್ಲಾದ ಬೀಗದ ಕೈ ಯಾರ ವಶವಾಯಿತು? ಇವು ಸನ್ಮಾನಪತ್ರದಲ್ಲಿರುವುದಿಲ್ಲ. ಇದ್ದುದು ಹಳೆಯ ಖಾತೆ ಪುಸ್ತಕಗಳಲ್ಲಿ ಮತ್ತು ಹಿರಿಯರ ನೆನಪಿನಲ್ಲಿ. ಮನೆ ಬದಲಿಸುವಾಗ ಖಾತೆ ಪುಸ್ತಕ ರದ್ದಿಗೆ ಹೋಗುತ್ತದೆ; ನೆನಪು ಹಿರಿಯರೊಂದಿಗೇ ಹೋಗುತ್ತದೆ.

ಇದಕ್ಕೆ ಹಾರ್ವರ್ಡಿನವರೇ ಬರಬೇಕೆಂದಿಲ್ಲ. ಪ್ರತಿಯೊಂದು ಮಹಾನಗರದ ಕನ್ನಡ ಸಂಘದಲ್ಲಿಯೂ ವಾಣಿಜ್ಯ ಅಧ್ಯಾಪಕರಿದ್ದಾರೆ, ಲೆಕ್ಕಪರಿಶೋಧಕರಿದ್ದಾರೆ, ಎಂ.ಬಿ.ಎ. ಓದುವ ಮಕ್ಕಳಿದ್ದಾರೆ. ವರ್ಷಕ್ಕೊಬ್ಬ ಹಿರಿಯ ಉದ್ಯಮಿಯ ಬಳಿ ಕುಳಿತು, ಅವರ ಬದುಕಿನ ಒಂದೇ ಒಂದು ಕಠಿಣ ನಿರ್ಧಾರವನ್ನು ಆರಿಸಿಕೊಂಡು, ಆ ದಿನ ಅವರ ಮುಂದಿದ್ದ ದಾರಿಗಳನ್ನೂ ಕೈಯಲ್ಲಿದ್ದ ಹಣವನ್ನೂ ಮನಸ್ಸಿನಲ್ಲಿದ್ದ ಸಂದೇಹವನ್ನೂ ಅವರ ಒಪ್ಪಿಗೆಯೊಡನೆ ದಾಖಲಿಸಿದರೆ ಸಾಕು. ಹೆಸರು ಬೇಡವೆಂದರೆ ಮರೆಮಾಡಬಹುದು. ಸೋಲಿನ ಕಥೆಯಾದರೆ ಇನ್ನೂ ಬೆಲೆಯುಳ್ಳದ್ದು. ಸ್ಮರಣ ಸಂಚಿಕೆಯ ನಾಲ್ಕು ಪುಟಗಳು ಅದಕ್ಕೆ ಮೀಸಲಾದರೆ, ನಾಳೆ ಯಾವುದಾದರೂ ತರಗತಿಯಲ್ಲಿ ಕುಳಿತ ಕನ್ನಡದ ಹುಡುಗಿಯೊಬ್ಬಳು ತನ್ನ ಅಜ್ಜನ ಇಕ್ಕಟ್ಟನ್ನು ಸಹಪಾಠಿಗಳ ಮುಂದಿಟ್ಟು, ಅವರು ಮಾಡಿದ್ದು ಸರಿಯೋ ತಪ್ಪೋ ಎಂದು ಕೇಳಿಯಾಳು.