ಹೊಸತೋ, ರೀಫರ್ಬಿಶ್ಡೋ? ಲ್ಯಾಪ್‌ಟಾಪ್ ಕೊಳ್ಳುವ ಮುನ್ನ

ಸಿಇಟಿ ಸೀಟು ಹಂಚಿಕೆ ಮುಗಿದು ಕಾಲೇಜು ಶುರುವಾಗುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಇದೇ ಲೆಕ್ಕಾಚಾರ. ಫೀಸು, ಹಾಸ್ಟೆಲ್ಲು ಎಲ್ಲ ಕಟ್ಟಿ ಉಳಿದದ್ದರಲ್ಲಿ ಮಗಳಿಗೊಂದು ಲ್ಯಾಪ್‌ಟಾಪ್ ಆಗಬೇಕು. ಷೋರೂಮಿನಲ್ಲಿ ಆ ದುಡ್ಡಿಗೆ ಸಿಗುವುದು ತೀರಾ ಕೆಳದರ್ಜೆಯ ಹೊಸ ಮಾಡೆಲ್. ಅದೇ ದುಡ್ಡಿಗೆ, ಕೆಲವೊಮ್ಮೆ ಅದಕ್ಕೂ ಕಡಿಮೆಗೆ, ಬೆಂಗಳೂರಿನ ಎಸ್.ಪಿ. ರೋಡಿನಲ್ಲೋ ಆನ್‌ಲೈನಿನಲ್ಲೋ ಒಂದು ಕಾಲಕ್ಕೆ ದುಬಾರಿಯಾಗಿದ್ದ ಆಫೀಸ್ ದರ್ಜೆಯ ರೀಫರ್ಬಿಶ್ಡ್ ಲ್ಯಾಪ್‌ಟಾಪ್ ಸಿಗುತ್ತದೆ. ಓದು, ಬರಹ, ಕೋಡಿಂಗ್, ಆನ್‌ಲೈನ್ ಪಾಠ ಇಷ್ಟಕ್ಕಾದರೆ ಅಗ್ಗದ ಹೊಸತಕ್ಕಿಂತ ಗಟ್ಟಿಯಾದ ಹಳೆಯದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಮೂರು ಸಂಗತಿ ನೋಡದೆ ದುಡ್ಡು ಕೊಡಕೂಡದು: ಪ್ರೊಸೆಸರಿನ ಜನರೇಷನ್, ಬ್ಯಾಟರಿ, ಮತ್ತು ಹಿಂದಿನ ಕಂಪನಿ ಹಾಕಿಟ್ಟ ಲಾಕ್.

ಈ ಹಳೆಯ ಲ್ಯಾಪ್‌ಟಾಪ್‌ಗಳು ಬಹುಪಾಲು ಐಟಿ ಕಂಪನಿಗಳಿಂದ, ಬ್ಯಾಂಕುಗಳಿಂದ ಬರುತ್ತವೆ. ಅಲ್ಲಿ ಮೂರು ನಾಲ್ಕು ವರ್ಷಕ್ಕೊಮ್ಮೆ, ಲೀಸ್ ಮುಗಿಯುತ್ತಿದ್ದಂತೆ, ನೂರಾರು ಲ್ಯಾಪ್‌ಟಾಪ್ ಒಟ್ಟಿಗೆ ಹೊರಬೀಳುತ್ತವೆ. ಲೆನೊವೊ ಥಿಂಕ್‌ಪ್ಯಾಡ್, ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಎಲೀಟ್‌ಬುಕ್ ಹೆಚ್ಚಾಗಿ ಕಾಣಸಿಗುವುದು ಇದೇ ಕಾರಣಕ್ಕೆ. ಅವನ್ನು ಕೊಂಡವರು ಪರೀಕ್ಷಿಸಿ, ಕೆಟ್ಟ ಭಾಗ ಬದಲಿಸಿ, ಒರೆಸಿ ಮಾರಿದರೆ ಅದು ರೀಫರ್ಬಿಶ್ಡ್. ಬರೀ ಧೂಳು ಒರೆಸಿ, ಸ್ಟಿಕ್ಕರ್ ಅಂಟಿಸಿ ಅದೇ ಹೆಸರಿನಲ್ಲಿ ಮಾರುವವರೂ ಇದ್ದಾರೆ. ಹಾಗಾಗಿ ‘ಇದರಲ್ಲಿ ಏನೇನು ಬದಲಿಸಿದ್ದೀರಿ’ ಎಂಬುದು ನಿಮ್ಮ ಮೊದಲ ಪ್ರಶ್ನೆಯಾಗಲಿ. ಬ್ಯಾಟರಿ, ಎಸ್‌ಎಸ್‌ಡಿ, ರ‍್ಯಾಮ್ ಯಾವುದು ಹೊಸದು ಎಂದು ಹೇಳಲು ತಡವರಿಸುವ ಅಂಗಡಿಯಿಂದ ಎದ್ದು ಬರುವುದು ಒಳ್ಳೆಯದು.

ತೀರಾ ಅಗ್ಗದ ಹೊಸ ಲ್ಯಾಪ್‌ಟಾಪಿನಲ್ಲಿ ಉಳಿತಾಯ ಮಾಡಿರುವುದು ಕಣ್ಣಿಗೆ ಬೀಳದ ಕಡೆ. ಸೆಲೆರಾನ್ ಪ್ರೊಸೆಸರ್, 4 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಬದಲು 64 ಜಿಬಿಯ ಇಎಂಎಂಸಿ, ಅದೂ ಬೋರ್ಡಿಗೇ ಬೆಸುಗೆ ಹಾಕಿದ್ದು. ವಿಂಡೋಸ್ ಅಪ್‌ಡೇಟ್ ಒಂದೆರಡು ಬಂದರೆ ಜಾಗವೇ ಉಳಿಯುವುದಿಲ್ಲ, ಹೆಚ್ಚಿಸಲು ದಾರಿಯೂ ಇರುವುದಿಲ್ಲ. ಹಿಂಜ್ ನೋಡಿ. ಅಗ್ಗದ ಮಾಡೆಲ್ಲಿನಲ್ಲಿ ಹಿಂಜಿನ ಸ್ಕ್ರೂ ಕೂತಿರುವುದು ಪ್ಲಾಸ್ಟಿಕ್ಕಿನಲ್ಲಿ ಹುದುಗಿಸಿದ ಪುಟ್ಟ ಹಿತ್ತಾಳೆ ನಟ್ಟಿನ ಮೇಲೆ. ದಿನಕ್ಕೆ ಹತ್ತು ಸಲ ತೆರೆದು ಮುಚ್ಚುತ್ತಿದ್ದರೆ ಆ ನಟ್ಟು ಪ್ಲಾಸ್ಟಿಕ್ ಸಮೇತ ಕಿತ್ತು ಬರುತ್ತದೆ. ಆಫೀಸ್ ದರ್ಜೆಯ ಲ್ಯಾಪ್‌ಟಾಪಿನ ಕವಚದಲ್ಲಿ ಲೋಹದ ಆಸರೆ ಹೆಚ್ಚು. ಹಲವು ಮಾಡೆಲ್‌ಗಳಲ್ಲಿ ರ‍್ಯಾಮ್, ಎಸ್‌ಎಸ್‌ಡಿ, ಬ್ಯಾಟರಿ ಎಲ್ಲವನ್ನೂ ಒಂದು ಸ್ಕ್ರೂಡ್ರೈವರಿನಲ್ಲಿ ಬದಲಿಸಬಹುದು. ಬಿಚ್ಚಿ ಜೋಡಿಸುವ ಕ್ರಮವನ್ನು ಹೇಳುವ ಸರ್ವಿಸ್ ಮ್ಯಾನ್ಯುಯಲ್ಲನ್ನು ತಯಾರಕರೇ ಉಚಿತವಾಗಿ ಇಟ್ಟಿರುತ್ತಾರೆ.

ಇನ್ನು ಪ್ರೊಸೆಸರ್. ‘ಐ5 ಇದೆ ಸರ್’ ಎಂದರೆ ಏನೂ ಹೇಳಿದಂತಾಗಲಿಲ್ಲ. ಹತ್ತು ವರ್ಷ ಹಳೆಯದೂ ಐ5, ಮೊನ್ನೆಯದೂ ಐ5. ಅದರ ಪಕ್ಕದ ಅಂಕಿ ಓದಿ. ಐ5-7200ಯು ಅಂದರೆ 7ನೇ ಜನರೇಷನ್, ಐ5-8250ಯು ಅಂದರೆ 8ನೆಯದು. ಅಂಕಿ 1ರಿಂದ ಶುರುವಾದರೆ ಮೊದಲ ಎರಡನ್ನು ಸೇರಿಸಿ ಓದಿ: ಐ5-1135ಜಿ7 ಎಂದರೆ 11ನೇ ಜನರೇಷನ್. ಈ 7 ಮತ್ತು 8ರ ನಡುವೆ ದೊಡ್ಡ ಅಂತರವಿದೆ. 7200ಯುನಲ್ಲಿ ಇದ್ದ ಎರಡು ಕೋರ್ 8250ಯುನಲ್ಲಿ ನಾಲ್ಕಾಯಿತು. ಅದಕ್ಕಿಂತ ಮುಖ್ಯವಾಗಿ, ಕೆಲವೇ ಅಪವಾದ ಬಿಟ್ಟರೆ ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಇಂಟೆಲ್ 8ನೇ ಜನರೇಷನ್ನಿನಿಂದ ಈಚೆಯವನ್ನು ಮಾತ್ರ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 6, 7ನೇ ಜನರೇಷನ್ನಿಗೆ ಹೇಗೋ ವಿಂಡೋಸ್ 11 ತುರುಕಿ ಮಾರುವುದು ಈಗ ನಡೆಯುತ್ತಿದೆ. ಓಡುತ್ತದೆ ನಿಜ, ಮುಂದೆ ಅಪ್‌ಡೇಟ್ ಬರುತ್ತದೆಂಬ ಭರವಸೆಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಲಿನಕ್ಸ್ ಹಾಕಿಕೊಳ್ಳುವವರಿಗೆ ಈ ಕಟ್ಟುಪಾಡಿಲ್ಲ. ಎಎಂಡಿಯಲ್ಲಾದರೆ ರೈಜನ್ 4000 ಸರಣಿಯಿಂದ ಈಚಿನದನ್ನು ಆರಿಸಿದರೆ ಚಿಂತೆಯಿಲ್ಲ.

ಬ್ಯಾಟರಿಯ ವಿಷಯದಲ್ಲಿ ಮಾರುವವರ ಮಾತು ಬೇಡ, ಲ್ಯಾಪ್‌ಟಾಪನ್ನೇ ಕೇಳಿ. ಸರ್ಚ್‌ನಲ್ಲಿ ಸಿಎಂಡಿ ಎಂದು ಹಾಕಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಅಲ್ಲಿ ಇಂಗ್ಲಿಷಿನಲ್ಲಿ ‘ಪವರ್’ ಎಂದು ಟೈಪ್ ಮಾಡಿ, ಅದಕ್ಕೆ ಅಂಟಿಕೊಂಡಂತೆ ಸಿ, ಎಫ್, ಜಿ ಅಕ್ಷರ ಹಾಕಿ, ಒಂದು ಜಾಗ ಬಿಟ್ಟು, ಸ್ಲ್ಯಾಶ್ ಹಾಕಿ ‘ಬ್ಯಾಟರಿರಿಪೋರ್ಟ್’ ಎಂದು ಒಂದೇ ಪದವಾಗಿ ಬರೆದು ಎಂಟರ್ ಒತ್ತಿ. ಒಂದು ಫೈಲ್ ತಯಾರಾಗುತ್ತದೆ, ಎಲ್ಲಿದೆ ಎಂಬುದನ್ನೂ ಅದೇ ತೋರಿಸುತ್ತದೆ. ತೆರೆದರೆ ಎರಡು ಅಂಕಿ ಕಾಣುತ್ತವೆ: ಡಿಸೈನ್ ಕೆಪಾಸಿಟಿ, ಫುಲ್ ಚಾರ್ಜ್ ಕೆಪಾಸಿಟಿ. ಮೊದಲನೆಯದು 50,000, ಎರಡನೆಯದು 31,000 ಇದ್ದರೆ ಬ್ಯಾಟರಿಯಲ್ಲಿ ಉಳಿದಿರುವುದು ಶೇ 62 ಮಾತ್ರ. ಶೇ 80ಕ್ಕಿಂತ ಮೇಲಿದ್ದರೆ ಒಳ್ಳೆಯದು. 70ಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿ ಹಾಕಿಸಿ ಕೊಡಿ ಎನ್ನಿ, ಇಲ್ಲವೇ ಅದರ ಬೆಲೆಯನ್ನು ಕಳೆದು ಚೌಕಾಸಿ ಮಾಡಿ. ಡ್ಯೂಪ್ಲಿಕೇಟ್ ಬ್ಯಾಟರಿ ಈ ವರದಿಯಲ್ಲಿ ಸುಳ್ಳು ಅಂಕಿ ತೋರಿಸಬಹುದು. ಅದಕ್ಕೆ ಚಾರ್ಜರ್ ಕಿತ್ತು, ಪರದೆಯ ಬೆಳಕು ಪೂರ್ತಿ ಏರಿಸಿ, ಅರ್ಧ ಗಂಟೆ ವಿಡಿಯೊ ಓಡಿಸಿ. ಅಷ್ಟರಲ್ಲಿ ಚಾರ್ಜು ಕಾಲುಭಾಗ ಇಳಿದರೆ ಆ ಬ್ಯಾಟರಿ ಎರಡೇ ಗಂಟೆಯದು. ಟಚ್‌ಪ್ಯಾಡ್ ಸ್ವಲ್ಪ ಉಬ್ಬಿದಂತೆ, ಒತ್ತಿದರೆ ಬಿಗಿಯಾದಂತೆ ಅನ್ನಿಸಿದರೆ ಒಳಗೆ ಬ್ಯಾಟರಿ ಊದಿಕೊಂಡಿರಬಹುದು. ಬೆಂಕಿಯ ಅಪಾಯವಿರುವ ಅಂಥದ್ದನ್ನು ಎಷ್ಟು ಕಡಿಮೆಗೆ ಕೊಟ್ಟರೂ ಮುಟ್ಟಬೇಡಿ.

ಅಂಗಡಿಯಲ್ಲಿ ಜನ ಮರೆಯುವುದು ಲಾಕ್ ಪರೀಕ್ಷೆಯನ್ನು. ಕಂಪನಿಗಳು ತಮ್ಮ ಲ್ಯಾಪ್‌ಟಾಪ್‌ಗಳನ್ನು ವಿಂಡೋಸ್ ಆಟೋಪೈಲಟ್ ವ್ಯವಸ್ಥೆಯಲ್ಲಿ ನೋಂದಾಯಿಸಿರುತ್ತವೆ. ಮಾರುವಾಗ ಆ ನೋಂದಣಿ ತೆಗೆಯಲು ಮರೆತರೆ, ಇಂದು ಚೆನ್ನಾಗಿಯೇ ಓಡುವ ಲ್ಯಾಪ್‌ಟಾಪ್ ನಾಳೆ ನೀವು ರೀಸೆಟ್ ಮಾಡಿದ ಕೂಡಲೇ ಯಾವುದೋ ಕಂಪನಿಯ ಹೆಸರು ತೋರಿಸಿ ಅಲ್ಲಿನ ಉದ್ಯೋಗಿಯ ಇಮೇಲ್, ಪಾಸ್‌ವರ್ಡ್ ಕೇಳುತ್ತದೆ. ಆದ್ದರಿಂದ ಅಂಗಡಿಯಲ್ಲೇ ರೀಸೆಟ್ ಮಾಡಿಸಿ, ನಿಮ್ಮ ಮೊಬೈಲಿನ ಹಾಟ್‌ಸ್ಪಾಟಿಗೆ ಜೋಡಿಸಿ, ಸೆಟಪ್ ಕೊನೆಯವರೆಗೂ ಮುಗಿಸಿ. ಇಂಟರ್‌ನೆಟ್ ಇಲ್ಲದೆ ಮಾಡಿದ ಸೆಟಪ್ ಲೆಕ್ಕಕ್ಕಿಲ್ಲ. ಹಾಗೆಯೇ ಆನ್ ಮಾಡುವಾಗ ಬಯೋಸ್ ಒಳಗೆ ಹೋಗಿ ನೋಡಿ. ಪಾಸ್‌ವರ್ಡ್ ಕೇಳಿದರೆ, ಅದನ್ನು ಅವರು ತೆಗೆದುಕೊಡುವವರೆಗೆ ಬಿಲ್ಲು ಮಾಡಿಸಬೇಡಿ. ಮ್ಯಾಕ್‌ಬುಕ್ಕಿನಲ್ಲಿ ಇದೇ ತೊಂದರೆ ಆಕ್ಟಿವೇಷನ್ ಲಾಕ್ ರೂಪದಲ್ಲಿ ಬರುತ್ತದೆ. ಜೊತೆಗೆ, ಇಂಟೆಲ್ ಮ್ಯಾಕ್‌ಗಳಿಗೆ ಮ್ಯಾಕ್‌ಒಎಸ್ 26 ಕೊನೆಯ ಆವೃತ್ತಿ ಎಂದು ಆ್ಯಪಲ್ 2025ರಲ್ಲೇ ಹೇಳಿದೆ. ಹಳೆಯ ಮ್ಯಾಕ್‌ಬುಕ್ ಬೇಕೇ ಬೇಕೆಂದರೆ 2020ರ ಕೊನೆಯಲ್ಲಿ ಬಂದ ಎಂ1 ಅಥವಾ ಅದರ ಮುಂದಿನದನ್ನೇ ನೋಡಿ.

ಎಸ್‌ಎಸ್‌ಡಿಯ ಆರೋಗ್ಯವನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಹೇಳುತ್ತದೆ. ಕೀಬೋರ್ಡಿನ ಪ್ರತಿ ಕೀ, ಯುಎಸ್‌ಬಿ, ಕ್ಯಾಮೆರಾ, ವೈಫೈ ಒಂದು ಸಲ ನೋಡಿ. ಪರದೆ 1920 ಗುಣಿಸು 1080 ಇರಲಿ. 1366ರ ಹಳೆಯ ಪರದೆಯಲ್ಲಿ ಹಗಲಿಡೀ ಓದುವುದು ಕಣ್ಣಿಗೆ ಶಿಕ್ಷೆ.

ಹೊಸದನ್ನೇ ಕೊಳ್ಳಬೇಕಾದವರೂ ಇದ್ದಾರೆ. ಆರ್ಕಿಟೆಕ್ಚರ್, ತ್ರೀಡಿ, ವಿಡಿಯೊ ಎಡಿಟಿಂಗ್ ಮಾಡುವವರಿಗೆ ಪ್ರತ್ಯೇಕ ಗ್ರಾಫಿಕ್ಸ್ ಬೇಕು. ಗೇಮಿಂಗ್ ಲ್ಯಾಪ್‌ಟಾಪ್‌ಗಳು ವರ್ಷಗಟ್ಟಲೆ ಕಾದು ಬೆಂದಿರುತ್ತವೆ, ಅವನ್ನು ಹಳೆಯದಾಗಿ ಕೊಳ್ಳುವಂತೆ ನಾನು ಯಾರಿಗೂ ಹೇಳುವುದಿಲ್ಲ. ಊರಿನ ಹತ್ತಿರ ರಿಪೇರಿಯವರೇ ಇಲ್ಲದಿದ್ದರೆ ಮನೆಗೇ ಬಂದು ಸರಿಪಡಿಸುವ ಆನ್‌ಸೈಟ್ ವಾರಂಟಿಯ ಹೊಸ ಲ್ಯಾಪ್‌ಟಾಪಿಗೆ ಹೆಚ್ಚು ದುಡ್ಡು ಕೊಟ್ಟರೂ ನಷ್ಟವಿಲ್ಲ. ಬೀದರಿನಲ್ಲೋ ಸುಳ್ಯದಲ್ಲೋ ಕೂತು ಬೆಂಗಳೂರಿನ ಅಂಗಡಿಯ ಆರು ತಿಂಗಳ ವಾರಂಟಿ ಪಡೆಯುವುದೆಂದರೆ ಪ್ರತಿ ಸಲ ಕೊರಿಯರ್ ಮಾಡಿ ಕಾಯುವುದು. ಆ ಕಾಯುವಿಕೆ ಪರೀಕ್ಷೆಯ ವಾರದಲ್ಲೇ ಬರಬಹುದು.

ಯಾವುದನ್ನೇ ಕೊಂಡರೂ ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ, ಅದು ಲ್ಯಾಪ್‌ಟಾಪಿನ ತಳದ ನಂಬರಿಗೆ ತಾಳೆಯಾಗುತ್ತದೆಯೇ ನೋಡಿ. ಅದೇ ನಂಬರನ್ನು ತಯಾರಕರ ಜಾಲತಾಣದಲ್ಲಿ ಹಾಕಿದರೆ ಮೂಲ ವಾರಂಟಿ ಎಂದು ಮುಗಿಯಿತು ಎಂಬುದು ತಿಳಿಯುತ್ತದೆ. ಅಂಗಡಿಯ ವಾರಂಟಿಯಲ್ಲಿ ಬ್ಯಾಟರಿ, ಚಾರ್ಜರ್ ಸೇರಿವೆಯೋ ಇಲ್ಲವೋ ಬಿಲ್ಲಿನ ಮೇಲೇ ಬರೆಸಿಕೊಳ್ಳಿ. ಆನ್‌ಲೈನಿನಲ್ಲಿ ತರಿಸಿದರೆ ಪೆಟ್ಟಿಗೆ ಬಿಚ್ಚುವುದನ್ನು ವಿಡಿಯೊ ಮಾಡಿಟ್ಟು, ಮೇಲೆ ಹೇಳಿದ ಎಲ್ಲ ಪರೀಕ್ಷೆಯನ್ನು ವಾಪಸು ಕೊಡುವ ಗಡುವಿನೊಳಗೆ ಮುಗಿಸಿ. ಮಾರಿದವರು ಮಾತು ತಪ್ಪಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಅಲ್ಲಿಯೂ ಕೆಲಸಕ್ಕೆ ಬರುವುದು ಆ ಬಿಲ್ಲೇ.