ನೋವು ಹೋದ ಮಂಡಿಗೆ ಕಬಡ್ಡಿ ಯಾವಾಗ?

ರೈಡರ್ ಬೋನಸ್ ಗೆರೆ ದಾಟಿ ಗಕ್ಕನೆ ಹಿಂದಿರುಗುತ್ತಾನೆ. ಮೈ ತಿರುಗುತ್ತದೆ, ಪಾದ ಮ್ಯಾಟಿಗೆ ಕಚ್ಚಿಕೊಂಡೇ ಇರುತ್ತದೆ. ಮಂಡಿಯೊಳಗೆ ‘ಟಕ್’ ಎಂದ ಸದ್ದು, ಕೆಲವೇ ಗಂಟೆಗಳಲ್ಲಿ ಊತ. ‘ಲಿಗಮೆಂಟ್ ಹೋಯ್ತು’ ಎಂದು ಆಟಗಾರರು ಹೇಳುವುದು ಹೆಚ್ಚಾಗಿ ಎಸಿಎಲ್ ಬಗ್ಗೆ. ಕೆಳಗಾಲಿನ ಮೂಳೆ ಮುಂದಕ್ಕೆ ಜಾರದಂತೆ, ಮಂಡಿ ತಿರುಚದಂತೆ ಹಿಡಿದಿಡುವುದು ಅದೇ. ಪೂರ್ತಿ ಹರಿದು, ಇಂಥ ಆಟಕ್ಕೇ ಮರಳಬೇಕೆಂದರೆ ಸಾಮಾನ್ಯವಾಗಿ ಆಪರೇಷನ್: ತೊಡೆಯ ಹಿಂಭಾಗದ್ದೋ ಮಂಡಿಚಿಪ್ಪಿನ ಕೆಳಗಿನದ್ದೋ ಸ್ನಾಯುರಜ್ಜು ತೆಗೆದು ಆ ಜಾಗದಲ್ಲಿ ಕೂರಿಸುತ್ತಾರೆ.

ಎಡವಟ್ಟಾಗುವುದು ಆಮೇಲೆ. ಮೂರನೇ ತಿಂಗಳಿಗೆ ಎಷ್ಟೋ ಜನಕ್ಕೆ ನೋವು ಇರುವುದಿಲ್ಲ. ಹುಡುಗ ಮೆಟ್ಟಿಲು ಹತ್ತುತ್ತಾನೆ, ಬೈಕ್ ಓಡಿಸುತ್ತಾನೆ. ಹೊನಲು ಬೆಳಕಿನ ಟೂರ್ನಿಗೆ ಕರೆಯೂ ಬರುತ್ತದೆ. ಆದರೆ ಕೂರಿಸಿದ ರಜ್ಜುವಿಗೆ ಮೊದಲು ರಕ್ತ ಪೂರೈಕೆಯೇ ಇರುವುದಿಲ್ಲ. ಹೊಸ ರಕ್ತನಾಳ ಬೆಳೆದು ನಾರುಗಳು ಮರುಜೋಡಣೆಯಾಗುವ ಈ ತಿಂಗಳುಗಳಲ್ಲಿ ಅದು ಕೂರಿಸಿದ ದಿನಕ್ಕಿಂತಲೂ ದುರ್ಬಲ. ಡೆಲವೇರ್–ಓಸ್ಲೋ ಅಧ್ಯಯನ (2016) ಕಂಡದ್ದು ಇಷ್ಟು: ಒಂಬತ್ತು ತಿಂಗಳವರೆಗೆ, ಆಟಕ್ಕೆ ಮರಳುವುದನ್ನು ಮುಂದೂಡಿದ ಪ್ರತಿ ತಿಂಗಳಿಗೂ ಮಂಡಿಗೆ ಮತ್ತೆ ಪೆಟ್ಟಾಗುವ ಪ್ರಮಾಣ ಶೇ 51ರಷ್ಟು ಕಡಿಮೆ.

ಹಾಗೆಂದು ಒಂಬತ್ತು ತಿಂಗಳು ಸುಮ್ಮನೆ ಕೂತರೂ ಆಗದು. ಮಂಡಿಯಲ್ಲಿ ಊತವಿರುವಷ್ಟು ದಿನ ನರಗಳು ತೊಡೆಯ ಮುಂಭಾಗದ ಸ್ನಾಯುವನ್ನು ಪೂರ್ತಿ ಬಿಗಿಯಲು ಬಿಡುವುದಿಲ್ಲ, ಅದು ಬೇಗ ಸೊರಗುತ್ತದೆ. ಅದಕ್ಕೇ ಫಿಸಿಯೋ ಮೊದಲ ವಾರವೇ ಮಂಡಿಯ ಕೆಳಗೆ ಟವೆಲ್ ಸುರುಳಿ ಇಟ್ಟು ಒತ್ತಿಸುವುದು. ಒತ್ತುವಾಗ ಮಂಡಿಚಿಪ್ಪು ತೊಡೆಯ ಕಡೆಗೆ ಸರಿಯುತ್ತಿದೆಯೇ ನೋಡಿ. ಸರಿಯದಿದ್ದರೆ ಸ್ನಾಯು ಇನ್ನೂ ಸರಿಯಾಗಿ ಕೆಲಸಕ್ಕಿಳಿದಿಲ್ಲ. ಮಂಡಿ ಪೂರ್ತಿ ನೇರವಾಗಬೇಕು, ಇದರಲ್ಲಿ ರಾಜಿ ಬೇಡ. ಆಮೇಲೆ ಸ್ಕ್ವಾಟ್, ಒಂಟಿಕಾಲಿನ ವ್ಯಾಯಾಮ, ಓಟ, ಜಿಗಿತ.

ತೀರ್ಪು ಕೊಡುವುದು ಪರೀಕ್ಷೆ. ನೆಲಕ್ಕೆ ಟೇಪ್ ಹಾಸಿ ಒಂಟಿಕಾಲಲ್ಲಿ ಜಿಗಿಸುತ್ತಾರೆ. ಪೆಟ್ಟಾದ ಕಾಲು ಇನ್ನೊಂದರ ಶೇ 90ರಷ್ಟು ದೂರವಾದರೂ ಮುಟ್ಟಬೇಕು. ತೊಡೆಯ ಬಲಕ್ಕೂ ಅದೇ ಅಳತೆ. ಇಲ್ಲೊಂದು ಮೋಸವಿದೆ: ಅಷ್ಟು ತಿಂಗಳಲ್ಲಿ ಒಳ್ಳೆಯ ಕಾಲೂ ಬಲ ಕಳೆದುಕೊಂಡಿರುತ್ತದೆ, ಹೋಲಿಕೆ ಸುಲಭವಾಗಿ ಪಾಸಾಗುತ್ತದೆ. ದೂರಕ್ಕಿಂತ ಇಳಿಯುವ ರೀತಿಯನ್ನು ನಾನು ಹೆಚ್ಚು ನಂಬುತ್ತೇನೆ; ಮಂಡಿ ಒಳಕ್ಕೆ ವಾಲಿತೆಂದರೆ ಪಾಸು ಲೆಕ್ಕಕ್ಕಿಲ್ಲ.

ಪಾಸಾದ ಮೇಲೂ ನೇರ ಪಂದ್ಯಕ್ಕಲ್ಲ. ಮೊದಲು ಖಾಲಿ ಅಂಕಣದಲ್ಲಿ ರೈಡ್, ಆಮೇಲೆ ಎದುರಾಳಿಗಳು ನಿಂತಿರುತ್ತಾರೆ ಆದರೆ ಹಿಡಿಯುವುದಿಲ್ಲ. ಆಂಕಲ್ ಹೋಲ್ಡ್ ಅರ್ಧ ಬಲದಲ್ಲಿ ಶುರುವಾಗಲಿ, ಡೈವ್ ಕೊನೆಗಿರಲಿ. ಮರುದಿನ ಬೆಳಿಗ್ಗೆ ಮಂಡಿ ಊದಿದ್ದರೆ ಒಂದು ಹಂತ ಹಿಂದಕ್ಕೆ. ನೋವಿನ ಇಂಜೆಕ್ಷನ್ ಚುಚ್ಚಿಸಿ, ನೀ ಕ್ಯಾಪ್ ಏರಿಸಿ ಆಡಿಸುವ ತಂಡಗಳೂ ಇವೆ. ಆ ಕ್ಯಾಪ್ ತಿರುಚುವಿಕೆಯನ್ನು ತಡೆಯದು; ಇಂಜೆಕ್ಷನ್ ಎಚ್ಚರಿಕೆಯನ್ನಷ್ಟೇ ಮುಚ್ಚಿಹಾಕುತ್ತದೆ. ತಂಡಕ್ಕೆ ಮರಳಿದ ಮೇಲೂ ತೊಡೆಯ ವ್ಯಾಯಾಮ ವಾರಕ್ಕೆರಡು ಬಾರಿ, ಸೀಸನ್ ಮುಗಿಯುವವರೆಗೆ.